ಅಜ್ಞಾತಸತ್ತೆ: ಕಾಣದಿರುವ ವಸ್ತುವು ಇದೆಯೆನ್ನಲು ಪ್ರಮಾಣವೇನು?

೧. ಪ್ರಶ್ನೆಯ ಸ್ವರೂಪ

ನಾವು ನೋಡುತ್ತಿರುವಾಗ ಇರುವ ವಸ್ತುವು ನಾವು ನೋಡದಿರುವಾಗಲೂ ಇರುತ್ತದೆಯೆಂಬುದು ಲೋಕದಲ್ಲಿ ಯಾರೂ ಸಂದೇಹಿಸದ ಮಾತು. ಮನೆಗೆ ಬೀಗ ಹಾಕಿ ಪರಸ್ಥಳಕ್ಕೆ ಹೋದವನು ಹಿಂದಿರುಗಿ ಬಂದಾಗ, ತನ್ನ ಪೆಟ್ಟಿಗೆ ಪುಸ್ತಕಗಳು ಈಗ ಹೊಸದಾಗಿ ಹುಟ್ಟಿದುವೆಂದು ಬೆರಗಾಗುವುದಿಲ್ಲ. ಅವು ಇದ್ದಲ್ಲಿಯೇ ಇದ್ದುವೆಂದು ತಿಳಿದು ತನ್ನ ಕೆಲಸವನ್ನು ನೋಡಿಕೊಳ್ಳುತ್ತಾನೆ. ಆದರೆ ಸಂದೇಹವಿಲ್ಲದಿರುವುದು ಬೇರೆ, ಪ್ರಮಾಣವಿರುವುದು ಬೇರೆ. ಈ ನಂಬಿಕೆಗೆ ಆಧಾರವೇನೆಂದು ಕೇಳಿದೊಡನೆ ತೊಡಕು ಮೂಡುತ್ತದೆ. ಕಾಣದಿರುವ ವಸ್ತುವಿನ ಇರವನ್ನು ಕಣ್ಣಿನಿಂದ ನಿಶ್ಚಯಿಸೋಣವೆಂದರೆ, ಕಂಡ ಕ್ಷಣದಲ್ಲಿಯೇ ಅದು ಕಾಣದ ವಸ್ತುವೆಂಬ ಹೆಸರನ್ನು ಕಳೆದುಕೊಳ್ಳುತ್ತದೆ. ಕಾಣದೆಯೇ ನಿಶ್ಚಯಿಸೋಣವೆಂದರೆ, ಯಾವ ಬಲದಿಂದ ಎಂಬ ಪ್ರಶ್ನೆ ನಿಲ್ಲುತ್ತದೆ.

ಯಾರ ಅರಿವಿಗೂ ವಿಷಯವಾಗದೆ ಇರುವ ಈ ಇರವಿಗೆ ನಮ್ಮ ವೇದಾಂತಗ್ರಂಥಗಳಲ್ಲಿ ಅಜ್ಞಾತಸತ್ತೆಯೆಂದು ಹೆಸರು. ಯೂರೋಪಿನ ತತ್ತ್ವಶಾಸ್ತ್ರದಲ್ಲಿ ಇದೇ ವಿಷಯವು ಹದಿನೆಂಟನೆಯ ಶತಮಾನದಿಂದೀಚೆಗೆ ಪ್ರಧಾನವಾದ ಚರ್ಚೆಗಳಲ್ಲೊಂದಾಗಿದೆ. ಎರಡು ಸಂಪ್ರದಾಯಗಳೂ ಈ ಪ್ರಶ್ನೆಯನ್ನು ತಮ್ಮ ತಮ್ಮ ದಾರಿಯಲ್ಲಿ ಹೇಗೆ ಎದುರಿಸಿದುವು, ಅವುಗಳಲ್ಲಿ ಯಾವ ಯುಕ್ತಿಗಳು ನಿಲ್ಲುತ್ತವೆ, ಯಾವುವು ನಿಲ್ಲುವುದಿಲ್ಲವೆಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಸಾಹಿತ್ಯದ ವ್ಯಾಸಂಗದಲ್ಲಿ ತೊಡಗಿದವರಿಗೆ ಇದು ದೂರದ ಪ್ರಶ್ನೆಯಲ್ಲ. ೧೯೦೫ರಲ್ಲಿ ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಾಲಯಕ್ಕೆ ಬಂದ ಓಲೆಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದರು, ೧೯೦೯ರಲ್ಲಿ ಅದರ ಮೂಲವು ಅಚ್ಚಾಗಿ ಹೊರಬಂದಿತು. ಓಲೆಗಳನ್ನು ದಾರದಿಂದ ಬಿಗಿದು ಹಲಗೆಗಳ ನಡುವೆ ಕಟ್ಟಿಟ್ಟಿದ್ದ ಕಾಲದಲ್ಲಿ, ಒಳಗಿನ ಗರಿಗಳ ಮೇಲಣ ಅಕ್ಷರಗಳನ್ನು ಯಾರ ಕಣ್ಣೂ ನೋಡುತ್ತಿರಲಿಲ್ಲ. ಆದರೂ ಬರೆದವನ ಕಂಠದ ಗೀರು ಮತ್ತು ಓದಿದವರ ದೃಷ್ಟಿ ಇವೆರಡರ ನಡುವೆ ಆ ಅಕ್ಷರಗಳು ಇದ್ದೇ ಇದ್ದುವೆಂದು ನಾವು ಎಣಿಸುತ್ತೇವೆ. ಈ ಎಣಿಕೆ ಆಧಾರವಿಲ್ಲದ್ದಾದರೆ ಹಸ್ತಪ್ರತಿಗಳ ಸಂಶೋಧನೆ, ಶಾಸನಗಳ ವಾಚನ, ಇತಿಹಾಸದ ರಚನೆ ಎಲ್ಲವೂ ಆಧಾರವಿಲ್ಲದವುಗಳೇ ಆಗುತ್ತವೆ.

೨. ಪೂರ್ವಪಕ್ಷ

ಪೂರ್ವಪಕ್ಷಗಳಲ್ಲಿ ಎರಡು ಬಗೆಯುಂಟು, ಅವನ್ನು ಬೆರಸಕೂಡದು. ಕಾಣದ ವಸ್ತುವು ಇಲ್ಲವೇ ಇಲ್ಲವೆನ್ನುವುದು ಒಂದು ಪಕ್ಷ. ಅದು ಇದ್ದರೂ ಇರಬಹುದು, ಆದರೆ ಇದೆಯೆನ್ನಲು ನಮಗೆ ಪ್ರಮಾಣವಿಲ್ಲವೆನ್ನುವುದು ಇನ್ನೊಂದು.

ಮೊದಲನೆಯ ಪಕ್ಷವನ್ನು ಯೂರೋಪಿನಲ್ಲಿ ಸ್ಪಷ್ಟವಾಗಿ ಮಂಡಿಸಿದವನು ಐರ್ಲೆಂಡಿನ ಜಾರ್ಜ್ ಬರ್ಕ್ಲಿ. ೧೭೧೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ಜಡವಸ್ತುಗಳ ಇರವೆಂದರೆ ಕಾಣಲ್ಪಡುವುದೇ ಹೊರತು ಬೇರೆಯಲ್ಲವೆಂದು ಸಾಧಿಸಿದನು. ನಾವು ನೋಡದಿರುವಾಗ ಮರವು ಇರುವುದೆಂದರೆ, ಬೇರೊಂದು ಚೇತನವು, ಕೊನೆಗೆ ಈಶ್ವರನು, ಅದನ್ನು ಕಾಣುತ್ತಿರುವನೆಂದೇ ಅರ್ಥ. ಯಾರೂ ಕಾಣದ ಮರವನ್ನು ನೀವು ಊಹಿಸಿ ನೋಡಿ, ಊಹಿಸುವವರು ನೀವೇ ಆದುದರಿಂದ ಆ ಮರವು ನಿಮ್ಮ ಮನಸ್ಸಿನಲ್ಲಿಯೇ ಇರುತ್ತದೆಯೆಂಬುದು ಅವನ ಪ್ರಸಿದ್ಧವಾದ ಸವಾಲು.

ನಮ್ಮಲ್ಲಿ ವಿಜ್ಞಾನವಾದಿಗಳಾದ ಬೌದ್ಧರು ಇದಕ್ಕೂ ಬಹು ಹಿಂದೆಯೇ ಬೇರೊಂದು ಮಾರ್ಗದಿಂದ ಇದಕ್ಕೆ ಸಮೀಪವಾದ ಮತವನ್ನು ಮುಟ್ಟಿದ್ದರು. ವಸುಬಂಧುವು ವಿಂಶತಿಕೆಯಲ್ಲಿ ಸ್ವಪ್ನದ ದೃಷ್ಟಾಂತದಿಂದ, ಹೊರಗಿನ ಅರ್ಥವಿಲ್ಲದೆಯೂ ದೇಶಕಾಲಗಳ ನಿಯಮವುಳ್ಳ ಅನುಭವವು ಉಂಟಾಗಬಹುದೆಂದು ತೋರಿಸಿದನು. ಧರ್ಮಕೀರ್ತಿಯು ಸಹೋಪಲಂಭನಿಯಮವೆಂಬ ಯುಕ್ತಿಯನ್ನು ಮುಂದಿಟ್ಟನು: ನೀಲವೂ ನೀಲದ ಅರಿವೂ ಎಂದೂ ಒಂದನ್ನು ಬಿಟ್ಟು ಮತ್ತೊಂದು ತೋರುವುದಿಲ್ಲವಾದುದರಿಂದ ಅವೆರಡೂ ಬೇರೆಯಲ್ಲ. ಅದ್ವೈತಿಗಳಲ್ಲಿಯೂ ಒಂದು ಪಂಗಡದವರು ದೃಷ್ಟಿಯೇ ಸೃಷ್ಟಿಯೆಂದು ಹೇಳಿ ಅಜ್ಞಾತಸತ್ತೆಯನ್ನು ನಿರಾಕರಿಸಿದರು. ಪ್ರಕಾಶಾನಂದನ ವೇದಾಂತಸಿದ್ಧಾಂತಮುಕ್ತಾವಳಿ ಈ ಮತಕ್ಕೆ ಪ್ರಸಿದ್ಧವಾದ ಆಕರ. ವಿಜಯನಗರದ ಕಾಲದಲ್ಲಿ ನಮ್ಮ ನಾಡಿನ ವ್ಯಾಸತೀರ್ಥರು ನ್ಯಾಯಾಮೃತದಲ್ಲಿ ಈ ದೃಷ್ಟಿಸೃಷ್ಟಿವಾದವನ್ನು ಪ್ರತ್ಯೇಕವಾಗಿ ಎತ್ತಿಕೊಂಡು ಖಂಡಿಸಿದರು. ಮಧುಸೂದನಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಅದನ್ನು ಸಮರ್ಥಿಸಿದರು.

ಎರಡನೆಯ ಪಕ್ಷವು ಮೊದಲನೆಯದಕ್ಕಿಂತ ಸೌಮ್ಯವಾಗಿ ತೋರಿದರೂ ಅದನ್ನು ಕದಲಿಸುವುದು ಹೆಚ್ಚು ಕಷ್ಟ. ೧೯೩೪ರಲ್ಲಿ ಡಬ್ಲ್ಯು. ಟಿ. ಸ್ಟೇಸ್ ಎಂಬ ಪಂಡಿತನು 'ಮೈಂಡ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಇದನ್ನು ತೀಕ್ಷ್ಣವಾಗಿ ಮಂಡಿಸಿದನು. ಅವನ ವಾದದ ಸಾರವಿದು: ಕಾಣದ ವಸ್ತುವಿನ ಇರವು ಪ್ರತ್ಯಕ್ಷದಿಂದ ತಿಳಿಯದು, ಏಕೆಂದರೆ ಕಾಣದುದನ್ನು ಕಾಣುವುದೆಂಬುದೇ ವ್ಯಾಹತವಾದ ಮಾತು. ಅನುಮಾನದಿಂದಲೂ ತಿಳಿಯದು. ಕಂಡ ನಿದರ್ಶನಗಳಿಂದ ಕಾಣದುದಕ್ಕೆ ಹೋಗುವ ಅನುಮಾನಕ್ಕೆ ವ್ಯಾಪ್ತಿ ಬೇಕು. ಕಾಣದಿರುವಾಗ ಇದ್ದ ವಸ್ತುವಿನ ಒಂದು ನಿದರ್ಶನವನ್ನಾದರೂ ಯಾರೂ ಕಂಡಿಲ್ಲವಾದುದರಿಂದ ವ್ಯಾಪ್ತಿಗೆ ನೆಲೆಯೇ ಇಲ್ಲ. ಇನ್ನು ಶುದ್ಧತರ್ಕದಿಂದ ಸಾಧಿಸೋಣವೆಂದರೆ, ವಸ್ತುವು ಕಾಣದಿರುವಾಗ ಇಲ್ಲವೆಂದು ಹೇಳುವುದರಲ್ಲಿ ಸ್ವವಿರೋಧವೇನೂ ಇಲ್ಲ. ಆದಕಾರಣ ಮೂರು ದಾರಿಗಳೂ ಮುಚ್ಚಿದುವು.

೩. ಅನುಪಲಬ್ಧಿಯ ವಿಚಾರ

ಮೊದಲು ಮೊದಲನೆಯ ಪಕ್ಷವನ್ನು ನೋಡೋಣ. ಕಾಣಲಿಲ್ಲ, ಆದುದರಿಂದ ಇಲ್ಲ ಎಂಬ ಊಹೆಯನ್ನು ನಮ್ಮ ದಾರ್ಶನಿಕರು ಬಹಳ ಎಚ್ಚರಿಕೆಯಿಂದ ಪರೀಕ್ಷಿಸಿದ್ದಾರೆ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಬೇರೊಂದು ಪ್ರಮಾಣವೆಂದೇ ಒಪ್ಪಿದರು. ಆದರೆ ಎಲ್ಲ ಅನುಪಲಬ್ಧಿಯೂ ಅಭಾವವನ್ನು ತಿಳಿಸಲಾರದೆಂದೂ, ಯೋಗ್ಯಾನುಪಲಬ್ಧಿ ಮಾತ್ರವೇ ತಿಳಿಸುವುದೆಂದೂ ನಿರ್ಣಯವಾಯಿತು. ಬೆಳಕಿನಲ್ಲಿ ಬರಿಯ ನೆಲವನ್ನು ನೋಡಿ, ಇಲ್ಲಿ ಗಡಿಗೆಯಿದ್ದಿದ್ದರೆ ನೆಲದಂತೆ ಅದೂ ಕಾಣುತ್ತಿತ್ತು, ಕಾಣಲಿಲ್ಲವಾದುದರಿಂದ ಇಲ್ಲವೆಂದು ಹೇಳಬಹುದು. ಕತ್ತಲಲ್ಲಿ ಹಾಗೆ ಹೇಳಲು ಬರುವುದಿಲ್ಲ. ಕಾಣುವುದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಕೂಡಿದ್ದು, ವಸ್ತುವೊಂದೇ ಕಾಣದಿದ್ದಾಗ ಮಾತ್ರ ಕಾಣದಿರುವಿಕೆಗೆ ಅಭಾವವನ್ನು ಸಾಧಿಸುವ ಶಕ್ತಿಯುಂಟು. ಇದನ್ನು ಬೌದ್ಧನಾದ ಧರ್ಮಕೀರ್ತಿಯೂ ತನ್ನ ರೀತಿಯಲ್ಲಿ ಒಪ್ಪಿದ್ದಾನೆಂಬುದು ಗಮನಿಸತಕ್ಕ ವಿಷಯ.

ಇರುವ ವಸ್ತುವು ಏಕೆ ಕಾಣದೆ ಹೋಗುತ್ತದೆಯೆಂಬುದಕ್ಕೆ ಕಾರಣಗಳನ್ನೂ ಪ್ರಾಚೀನರು ಎಣಿಸಿದ್ದಾರೆ. ಪತಂಜಲಿಯ ಮಹಾಭಾಷ್ಯದಲ್ಲಿ ಇಂಥ ಆರು ಕಾರಣಗಳು ಹೇಳಿವೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಎಂಟು. ಅತಿದೂರ, ಅತಿಸಾಮೀಪ್ಯ, ಇಂದ್ರಿಯದ ಕೆಡುಕು, ಮನಸ್ಸು ಬೇರೆಡೆ ಇರುವುದು, ಸೂಕ್ಷ್ಮತೆ, ಅಡ್ಡಿ, ಬಲವಾದುದರಿಂದ ಮುಚ್ಚಿಹೋಗುವುದು, ಸಮಾನವಾದುದರೊಡನೆ ಬೆರೆತುಹೋಗುವುದು: ಇವೇ ಆ ಎಂಟು. ಕಣ್ಣಿಗೆ ಹಚ್ಚಿದ ಕಾಡಿಗೆ, ಹಗಲಿನ ನಕ್ಷತ್ರ, ಕೆರೆಗೆ ಬಿದ್ದ ಮಳೆಯ ಹನಿ ಮೊದಲಾದುವು ವ್ಯಾಖ್ಯಾನಕಾರರ ಉದಾಹರಣೆಗಳು. ಪಟ್ಟಿಯು ಉಪಯುಕ್ತವಾದುದೇ ಸರಿ. ಆದರೆ ಅದರಿಂದ ಸಾಧಿಸಬಹುದಾದುದು ಎಷ್ಟೆಂಬುದನ್ನು ಅಳೆದು ನೋಡಬೇಕು. ನಕ್ಷತ್ರವು ಹಗಲಿನಲ್ಲಿ ಇದೆಯೆಂದು ಮೊದಲೇ ಒಪ್ಪಿಕೊಂಡವನಿಗೆ, ಅದು ಏಕೆ ಕಾಣದೆಂಬುದನ್ನು ಇದು ವಿವರಿಸುತ್ತದೆ. ಇದೆಯೋ ಇಲ್ಲವೋ ಎಂದು ಕೇಳುವವನಿಗೆ ಇದು ಉತ್ತರವಾಗದು.

ಉದಯನಾಚಾರ್ಯರು ನ್ಯಾಯಕುಸುಮಾಂಜಲಿಯ ಮೂರನೆಯ ಸ್ತಬಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಕಾಣದುದೆಲ್ಲ ಇಲ್ಲವೆಂಬ ಚಾರ್ವಾಕನನ್ನು ಕುರಿತು ಅವರು ಹಾಸ್ಯಮಾಡುವ ಬಗೆಯಿದು: ಈ ಬಡಪಾಯಿಯು ಮನೆಯಿಂದ ಹೊರಗೆ ಹೊರಟರೆ ಮತ್ತೆ ಹಿಂದಿರುಗುವಂತಿಲ್ಲ, ಹೆಂಡತಿ ಮಕ್ಕಳು ಹಣ ಯಾವುದೂ ಕಣ್ಣಿಗೆ ಬೀಳದಿರುವುದರಿಂದ ಎಲ್ಲವೂ ಇಲ್ಲವಾಯಿತೆಂದು ನಿಶ್ಚಯಿಸಿ ಎದೆ ಬಡಿದುಕೊಂಡು ಅಳಬೇಕಾಗುತ್ತದೆ. ಹಾಸ್ಯದ ಹಿಂದೆ ಗಟ್ಟಿಯಾದ ಯುಕ್ತಿಯೊಂದಿದೆ. ನೋಡುವ ಇಂದ್ರಿಯವು ತಾನೇ ನೋಟಕ್ಕೆ ಗೋಚರವಲ್ಲ. ಕಾಣದುದು ಇಲ್ಲವೆಂಬ ನಿಯಮವನ್ನು ಹಿಡಿದರೆ ಆ ಇಂದ್ರಿಯವೂ ಇಲ್ಲವಾಗಿ, ಚಾರ್ವಾಕನು ಒಪ್ಪಿದ ಒಂದೇ ಪ್ರಮಾಣವಾದ ಪ್ರತ್ಯಕ್ಷವೂ ಅಳಿದುಹೋಗುತ್ತದೆ. ಅಂದರೆ, ಕಾಣುವುದೆಂಬ ಕಾರ್ಯವು ಕಾಣದಿರುವ ಕಾರಣಗಳನ್ನು ಆಶ್ರಯಿಸಿಯೇ ನಡೆಯುತ್ತದೆ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುವುದು.

೪. ನೀಲವೂ ನೀಲದ ಅರಿವೂ

ಸಹೋಪಲಂಭದ ಯುಕ್ತಿಗೆ ಸಮಾಧಾನವೇನು? ಎರಡು ವಸ್ತುಗಳು ಯಾವಾಗಲೂ ಒಟ್ಟಿಗೆ ತೋರಿದ ಮಾತ್ರಕ್ಕೆ ಅವು ಒಂದೇ ಆಗಬೇಕಾಗಿಲ್ಲ. ಬಣ್ಣವು ಬೆಳಕನ್ನು ಬಿಟ್ಟು ಎಂದೂ ತೋರದು. ಆದರೂ ಬಣ್ಣವೇ ಬೆಳಕೆಂದು ಯಾರೂ ಹೇಳುವುದಿಲ್ಲ. ಅರಿವು ವಸ್ತುವನ್ನು ತೋರಿಸುವ ಸಾಧನವಾದುದರಿಂದ ಅವೆರಡೂ ಜೊತೆಯಾಗಿ ಸಿಕ್ಕುವುದು ಸಹಜವೇ. ಅಮೆರಿಕದ ಆರ್. ಬಿ. ಪೆರಿ ಎಂಬವನು ೧೯೧೦ರಲ್ಲಿ ಈ ದೋಷವನ್ನೇ ಬೇರೆ ಮಾತಿನಲ್ಲಿ ತೋರಿಸಿದನು: ಅರಿವಿಗೆ ಬಾರದ ವಸ್ತುವೊಂದನ್ನು ನಿದರ್ಶನವಾಗಿ ತಂದು ತೋರಿಸಲು ನಮ್ಮಿಂದ ಆಗದೆಂಬುದು ನಮ್ಮ ಸ್ಥಿತಿಯ ಇಕ್ಕಟ್ಟೇ ಹೊರತು ವಸ್ತುವಿನ ಸ್ವಭಾವವಲ್ಲ. ಬಲೆಯಿಂದ ಹಿಡಿದ ಮೀನುಗಳನ್ನು ಮಾತ್ರ ಕಂಡವನು, ಬಲೆಯಲ್ಲಿರುವುದೇ ಮೀನಿನ ಇರವೆಂದು ಹೇಳಿದರೆ ಹೇಗೋ ಹಾಗೆ ಇದು.

೧೯೦೩ರಲ್ಲಿ ಕೇಂಬ್ರಿಜ್ಜಿನ ಜಿ. ಇ. ಮೂರ್ ಎಂಬವನು ಬರ್ಕ್ಲಿಯ ಪಕ್ಷವನ್ನು ಖಂಡಿಸುತ್ತ ಎತ್ತಿಕೊಂಡ ಉದಾಹರಣೆಯೂ ನೀಲದ್ದೇ. ನೀಲದ ಅರಿವು, ಹಸುರಿನ ಅರಿವು ಇವೆರಡರಲ್ಲಿ ಅರಿವೆಂಬ ಅಂಶವು ಸಮಾನ; ವಿಷಯವೆಂಬ ಅಂಶವು ಬೇರೆ. ಸಮಾನವಾದುದು ಬೇರೆಯಾದುದರೊಡನೆ ಒಂದಾಗಲಾರದು. ಆದುದರಿಂದ ಅರಿವು ಬೇರೆ, ನೀಲ ಬೇರೆ. ಬರ್ಕ್ಲಿಯ ಸವಾಲಿಗೂ ಇದರಿಂದಲೇ ಉತ್ತರ ದೊರೆಯುತ್ತದೆ. ನಾನು ಮರವನ್ನು ಊಹಿಸುವಾಗ ಊಹಿಸುವ ಕ್ರಿಯೆಯು ನನ್ನ ಮನಸ್ಸಿನಲ್ಲಿದೆ. ಊಹೆಗೆ ವಿಷಯವಾದ ಮರವು ಅಲ್ಲಿರಬೇಕಾಗಿಲ್ಲ. ನಾನು ಹುಟ್ಟುವುದಕ್ಕೆ ಮೊದಲಿನ ಕಾಲವನ್ನು ನಾನೀಗ ಯೋಚಿಸಬಲ್ಲೆನು. ಅದರಿಂದ ಆ ಕಾಲವು ನಾನು ಹುಟ್ಟಿದ ಮೇಲಣದಾಗುವುದಿಲ್ಲ.

ಆದರೆ ಇಷ್ಟರಿಂದ ಸಿದ್ಧವಾದುದು ಭೇದವೇ ಹೊರತು ಸ್ಥಾಯಿತ್ವವಲ್ಲ. ನೀಲವು ಅರಿವಿಗಿಂತ ಬೇರೆಯಾಗಿದ್ದರೂ ಅರಿವಿನೊಡನೆಯೇ ಹುಟ್ಟಿ ಅರಿವಿನೊಡನೆಯೇ ಅಳಿಯಬಹುದಲ್ಲವೆ? ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮನು ೧೭೩೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಎರಡು ಪ್ರಶ್ನೆಗಳನ್ನು ಬಿಡಿಸಿಟ್ಟನು: ವಸ್ತುವು ಮನಸ್ಸಿಗಿಂತ ಬೇರೆಯಾಗಿದೆಯೇ ಎಂಬುದೊಂದು, ಕಾಣದಿರುವಾಗಲೂ ಮುಂದುವರಿಯುತ್ತದೆಯೇ ಎಂಬುದಿನ್ನೊಂದು. ಮೊದಲನೆಯ ಪಕ್ಷವು ಬಿದ್ದುಹೋದರೂ ಎರಡನೆಯ ಪಕ್ಷವು ಇನ್ನೂ ನಿಂತೇ ಇದೆ.

೫. ಪ್ರತ್ಯಭಿಜ್ಞೆ

ಸ್ಥಾಯಿತ್ವಕ್ಕೆ ನಮ್ಮ ದಾರ್ಶನಿಕರು ಮುಖ್ಯವಾಗಿ ಹೇಳುವ ಪ್ರಮಾಣವು ಪ್ರತ್ಯಭಿಜ್ಞೆ. ನಿನ್ನೆ ಕಂಡ ಕಂಬವನ್ನು ಇಂದು ಕಂಡಾಗ, ಇಂಥದೇ ಕಂಬವೆಂದಲ್ಲ, ಅದೇ ಕಂಬವಿದು ಎಂದು ಅರಿವಾಗುತ್ತದೆ. ನೈಯಾಯಿಕರೂ ಮೀಮಾಂಸಕರೂ ಕ್ಷಣಿಕವಾದವನ್ನು ಎದುರಿಸುವಾಗ ಇದನ್ನು ಮುಂದೆ ಮಾಡುತ್ತಾರೆ. ಶಂಕರಾಚಾರ್ಯರೂ ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಇದನ್ನು ಬಳಸಿದ್ದಾರೆ.

ಬೌದ್ಧರ ಆಕ್ಷೇಪವೂ ಪ್ರಸಿದ್ಧವಾದುದೇ. ದೀಪದ ಜ್ವಾಲೆಯು ಕ್ಷಣಕ್ಷಣಕ್ಕೂ ಬೇರೆಯಾಗುತ್ತಿದ್ದರೂ ಅದೇ ಜ್ವಾಲೆಯೆಂದು ತೋರುತ್ತದೆ. ಕತ್ತರಿಸಿದ ಮೇಲೆ ಬೆಳೆದ ಕೂದಲು ಉಗುರುಗಳನ್ನೂ ಅವೇ ಎನ್ನುತ್ತೇವೆ. ಸಾದೃಶ್ಯವು ಐಕ್ಯದ ಭ್ರಮೆಯನ್ನು ಹುಟ್ಟಿಸುವುದುಂಟು. ಹ್ಯೂಮನು ಹೇಳಿದುದೂ ಇದಕ್ಕೆ ಹತ್ತಿರದ್ದೇ: ಬೆಟ್ಟ ಮನೆ ಮರಗಳು ಕಣ್ಮುಚ್ಚಿ ತೆರೆದಾಗ ಹಿಂದಿನಂತೆಯೇ ತೋರುವುದರಿಂದ, ನಮ್ಮ ಕಲ್ಪನಾಶಕ್ತಿಯು ಬಿಡಿಬಿಡಿಯಾದ ತೋರಿಕೆಗಳನ್ನು ಒಂದೇ ಎಂದು ಭಾವಿಸಿ ನಡುವಣ ತೆರವನ್ನು ತುಂಬಿಬಿಡುತ್ತದೆ.

ಇದಕ್ಕೆ ಉತ್ತರವೇನೆಂದರೆ, ಜ್ವಾಲೆಯ ವಿಷಯದಲ್ಲಿ ಐಕ್ಯಜ್ಞಾನವನ್ನು ಬಾಧಿಸುವ ಬೇರೊಂದು ಸಂಗತಿಯುಂಟು. ಎಣ್ಣೆಯು ಸವೆಯುವುದನ್ನೂ ಬತ್ತಿಯು ಉರಿಯುವುದನ್ನೂ ಕಾಣುತ್ತೇವೆ. ಕಂಬದ ವಿಷಯದಲ್ಲಿ ಅಂಥ ಬಾಧಕವಿಲ್ಲ. ಒಂದು ಕಡೆ ತಪ್ಪಿದುದರಿಂದ ಎಲ್ಲ ಕಡೆಯೂ ತಪ್ಪೆನ್ನುವುದಾದರೆ ಯಾವ ಜ್ಞಾನವೂ ಉಳಿಯದು. ಬಾಧಕವು ತೋರುವವರೆಗೆ ಜ್ಞಾನವನ್ನು ಪ್ರಮಾಣವೆಂದೇ ಹಿಡಿಯಬೇಕೆಂಬ ಮೀಮಾಂಸಕರ ಸ್ವತಃಪ್ರಾಮಾಣ್ಯದ ನಿಯಮವು ಇಲ್ಲಿ ಸಹಾಯಕ್ಕೆ ಬರುತ್ತದೆ.

ಹೀಗಿದ್ದರೂ ಪ್ರತ್ಯಭಿಜ್ಞೆಯು ತಾನೊಂದೇ ಸಾಲದೆಂದು ನನಗೆ ತೋರುತ್ತದೆ. ಅದು ತಿಳಿಸುವುದು ಅಂದು ಕಂಡುದಕ್ಕೂ ಇಂದು ಕಂಡುದಕ್ಕೂ ಇರುವ ಐಕ್ಯವನ್ನು. ನಡುವಣ ಕಾಲವನ್ನು ಅದು ನೇರವಾಗಿ ತೋರಿಸುವುದಿಲ್ಲ. ಅಳಿದ ವಸ್ತುವೇ ಮತ್ತೆ ಹುಟ್ಟಲಾರದು, ಆದುದರಿಂದ ನಡುವೆಯೂ ಅದು ಇದ್ದಿರಬೇಕೆಂದು ನಾವು ಇನ್ನೊಂದು ಮಾತನ್ನು ಸೇರಿಸಿಕೊಳ್ಳುತ್ತೇವೆ. ಈ 'ಇದ್ದಿರಬೇಕು' ಎಂಬುದು ಪ್ರತ್ಯಕ್ಷದ ಭಾಷೆಯಲ್ಲ, ಅರ್ಥಾಪತ್ತಿಯ ಭಾಷೆ.

೬. ಅರ್ಥಾಪತ್ತಿ

ಅರ್ಥಾಪತ್ತಿಗೆ ಶಾಸ್ತ್ರದಲ್ಲಿ ಕೊಡುವ ಉದಾಹರಣೆಯೇ ನಮ್ಮ ವಿಷಯಕ್ಕೆ ಸೇರಿದುದೆಂಬುದು ಕುತೂಹಲಕರ. ದೇವದತ್ತನು ಬದುಕಿದ್ದಾನೆ, ಮನೆಯಲ್ಲಿ ಅವನು ಕಾಣುವುದಿಲ್ಲ, ಆದುದರಿಂದ ಹೊರಗೆ ಎಲ್ಲಿಯೋ ಇದ್ದಾನೆ. ಕಂಡ ಎರಡು ಸಂಗತಿಗಳು ಒಂದಕ್ಕೊಂದು ಹೊಂದದೆ ಇರುವಾಗ, ಅವನ್ನು ಹೊಂದಿಸಲು ಕಾಣದ ಮೂರನೆಯದೊಂದನ್ನು ಒಪ್ಪುವುದೇ ಅರ್ಥಾಪತ್ತಿ. ಸ್ಟೇಸನು ಮುಚ್ಚಿದ ಮೂರು ದಾರಿಗಳಲ್ಲಿ ಇದು ಸೇರಿಲ್ಲ. ಕಾಣದಿರುವಾಗ ಇದ್ದ ವಸ್ತುವಿನ ಕಂಡ ನಿದರ್ಶನವು ವ್ಯಾಪ್ತಿಗೆ ಬೇಕೆಂದು ಕೇಳುವುದು, ಈ ಬಗೆಯ ಪ್ರಮಾಣವನ್ನು ಮೊದಲೇ ಹೊರಗಿಟ್ಟು ಮಾತನಾಡಿದಂತೆ.

ಈಗ ಓಲೆಯ ಕಟ್ಟಿನ ವಿಷಯಕ್ಕೆ ಬರೋಣ. ಹಸ್ತಪ್ರತಿಗಳನ್ನು ಬಲ್ಲವರೆಲ್ಲರೂ ಹುಳು ಕೊರೆದ ಕಟ್ಟುಗಳನ್ನು ಕಂಡಿದ್ದಾರೆ. ಕಟ್ಟನ್ನು ಬಿಚ್ಚಿದಾಗ ಒಂದೇ ರಂಧ್ರವು ಗರಿಯಿಂದ ಗರಿಗೆ ಸ್ವಲ್ಪಸ್ವಲ್ಪವಾಗಿ ಸ್ಥಳ ಬದಲಿಸುತ್ತ ಹತ್ತಿಪ್ಪತ್ತು ಗರಿಗಳ ಮೂಲಕ ಹಾದುಹೋಗಿರುತ್ತದೆ. ನಡುವೆ ಯಾವುದಾದರೊಂದು ಗರಿಯು ಸ್ಥಳ ತಪ್ಪಿದ್ದರೆ, ರಂಧ್ರದ ದಾರಿಯು ಅಲ್ಲಿ ಮುರಿಯುವುದರಿಂದಲೇ ಅದನ್ನು ಗುರುತಿಸಬಹುದು. ಈ ಕೊರೆತವು ಯಾರೂ ನೋಡದಿರುವಾಗ ನಡೆದುದು. ನೋಡದ ಕಾಲದಲ್ಲಿ ಗರಿಗಳೇ ಇರಲಿಲ್ಲವೆಂದರೆ ಹುಳುವು ಕೊರೆದುದೇನನ್ನು? ಹುಳುವೇ ಇರಲಿಲ್ಲವೆಂದರೆ ಕೊರೆದುದಾರು? ಹಿಂದೆ ಕಂಡ ಗರಿಯೂ ಈಗ ಕಂಡ ಗರಿಯೂ ಸಮಾನವಾಗಿದ್ದರೆ ಹ್ಯೂಮನಂತೆ ಕಲ್ಪನೆಯ ಮೇಲೆ ಹೊರಿಸಬಹುದಾಗಿತ್ತು. ಇಲ್ಲಿ ಅವು ಸಮಾನವಾಗಿಲ್ಲ, ಬದಲಾಗಿವೆ, ಆ ಬದಲಾವಣೆಯು ಒಂದು ನಿಯಮಕ್ಕೆ ಒಳಪಟ್ಟು, ನೋಡದಿದ್ದ ಕಾಲದ ಉದ್ದಕ್ಕೂ ಕ್ರಮವಾಗಿ ನಡೆದಂತಿದೆ.

ಇಂಥ ಕ್ರಮಬದ್ಧವಾದ ಬದಲಾವಣೆಯನ್ನು ಹ್ಯೂಮನೂ ಗಮನಿಸಿದ್ದನು. ಬಿಟ್ಟುಹೋದ ಒಲೆಯ ಬೆಂಕಿಯು ಒಂದು ಗಂಟೆಯ ಮೇಲೆ ಬಂದು ನೋಡಿದಾಗ ಕುಂದಿರುವುದು ಅವನ ಉದಾಹರಣೆ. ೧೯೧೨ರಲ್ಲಿ ಬರ್ಟ್ರಂಡ್ ರಸೆಲ್ಲನು ಬೆಕ್ಕಿನ ಉದಾಹರಣೆಯಿಂದ ಇದನ್ನೇ ವಿವರಿಸಿದನು: ಕೋಣೆಯ ಒಂದು ಮೂಲೆಯಲ್ಲಿ ಕಂಡ ಬೆಕ್ಕು ಆಮೇಲೆ ಇನ್ನೊಂದು ಮೂಲೆಯಲ್ಲಿ ಕಂಡರೆ ನಡುವಣ ದಾರಿಯನ್ನು ನಡೆದಿರಬೇಕು; ಕಾಣದಿರುವಾಗ ಅದು ಇಲ್ಲದಿದ್ದರೆ ಈ ನಡುವೆ ಅದಕ್ಕೆ ಹಸಿವು ಹೆಚ್ಚುವುದು ಹೇಗೆ? ಇಷ್ಟೆಲ್ಲ ಹೇಳಿಯೂ ಇದು ಕಟ್ಟುನಿಟ್ಟಾದ ಸಾಧನೆಯಲ್ಲವೆಂದೂ, ಬೇರೆ ಊಹೆಗಳಿಗಿಂತ ಇದು ಸರಳವೂ ಸುಸಂಗತವೂ ಆದುದರಿಂದ ಒಪ್ಪತಕ್ಕದ್ದೆಂದೂ ರಸೆಲ್ಲನು ಹೇಳಿದನು. ನಮ್ಮ ಪರಿಭಾಷೆಯಲ್ಲಿ ಇದು ಲಾಘವದ ನ್ಯಾಯ.

೭. ಪ್ರತಿಪಕ್ಷದ ಸಮಾಧಾನಗಳು

ಲಾಘವವು ತಮ್ಮ ಕಡೆಗೇ ಇದೆಯೆಂದು ಪ್ರತಿಪಕ್ಷದವರು ಹೇಳಬಹುದು. ತೋರಿಕೆಗಳನ್ನು ಎಲ್ಲರೂ ಒಪ್ಪುತ್ತಾರೆ. ಅವುಗಳ ಮೇಲೆ ಕಾಣದ ವಸ್ತುಗಳನ್ನೂ ಸೇರಿಸುವುದು ಗೌರವವಲ್ಲವೆ? ೧೮೬೫ರಲ್ಲಿ ಜಾನ್ ಸ್ಟುಅರ್ಟ್ ಮಿಲ್ ಎಂಬವನು ಈ ದಾರಿಯಲ್ಲಿ ಹೋಗಿ, ಜಡವಸ್ತುವೆಂದರೆ ಅನುಭವದ ಸ್ಥಿರವಾದ ಸಾಧ್ಯತೆಯೆಂದು ಲಕ್ಷಣ ಹೇಳಿದನು. ಕಟ್ಟಿದ ಓಲೆಯಲ್ಲಿ ಅಕ್ಷರಗಳಿವೆಯೆಂದರೆ, ಬಿಚ್ಚಿ ನೋಡಿದ್ದರೆ ಅಕ್ಷರಗಳು ಕಾಣುತ್ತಿದ್ದುವು ಎಂದಿಷ್ಟೇ.

ಇದರಲ್ಲಿ ಎರಡು ತೊಡಕುಗಳುಂಟು. ನೋಡಿದ್ದರೆ ಕಾಣುತ್ತಿತ್ತೆಂಬ ಮಾತು ನಿಜವಾಗಿದ್ದರೆ ಅದನ್ನು ನಿಜವಾಗಿಸುವುದೇನು? ಬೀಜದಲ್ಲಿ ಮೊಳೆಯುವ ಶಕ್ತಿಯಿದೆಯೆನ್ನುವಾಗ ಶಕ್ತಿಗೆ ಆಶ್ರಯವಾದ ಬೀಜವಿರುತ್ತದೆ. ಇಲ್ಲಿ ಆಶ್ರಯವಿಲ್ಲದ ಬರಿಯ ಸಾಧ್ಯತೆಯು ಕಾಲದಲ್ಲಿ ತೇಲುತ್ತಿರಬೇಕಾಗುತ್ತದೆ. ಅದೂ ಅಲ್ಲದೆ, ಕಾಣದ ಹುಳುವು ಕಾಣದ ಓಲೆಯನ್ನು ತಿಂದಿತೆಂಬುದಕ್ಕೆ, ಒಂದು ಸಾಧ್ಯತೆಯು ಇನ್ನೊಂದು ಸಾಧ್ಯತೆಯನ್ನು ತಿಂದಿತೆಂದು ಅರ್ಥ ಹೇಳಬೇಕಾಗುತ್ತದೆ. ಭೂವಿಜ್ಞಾನದ ಸಂಗತಿಗಳು ಈ ತೊಡಕನ್ನು ಇನ್ನೂ ಹೆಚ್ಚಿಸುತ್ತವೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯು ಸುಮಾರು ೩೦೦ ಕೋಟಿ ವರ್ಷಗಳಷ್ಟು ಹಳೆಯದೆಂದು ಗಣಿಸಿದ್ದಾರೆ. ಮನುಷ್ಯಜಾತಿಯ ವಯಸ್ಸು ಸುಮಾರು ೩ ಲಕ್ಷ ವರ್ಷ. ನೋಡುವ ಮನುಷ್ಯನೇ ಇಲ್ಲದ ಅಷ್ಟು ಕೋಟಿ ವರ್ಷಗಳ ಮಾತನ್ನೆಲ್ಲ 'ನೋಡುವವನಿದ್ದಿದ್ದರೆ' ಎಂಬ ಒಂದು 'ರೆ'ಕಾರದ ಮೇಲೆ ನಿಲ್ಲಿಸಬೇಕಾಗುತ್ತದೆ. ವಸ್ತುಗಳ ಸಂಖ್ಯೆಯಲ್ಲಿ ಲಾಘವವನ್ನು ಗಳಿಸಿ ನಿಯಮಗಳಲ್ಲಿ ಮಹಾಗೌರವವನ್ನು ತಂದುಕೊಂಡಂತಾಯಿತು.

ಎಲ್ಲವೂ ಹೊರಗಿರುವಂತೆ ತೋರುತ್ತದೆ, ಅಷ್ಟೇ ಎನ್ನುವವರಿಗೆ ಶಂಕರಾಚಾರ್ಯರು ವಿಜ್ಞಾನವಾದಖಂಡನೆಯಲ್ಲಿ ಕೊಟ್ಟ ಉತ್ತರವು ಇಂದಿಗೂ ತೂಕವುಳ್ಳದ್ದು. 'ಹೊರಗಿರುವಂತೆ' ಎನ್ನುವಾಗಲೇ ಹೊರಗಿರುವುದೆಂದರೇನೆಂಬುದು ಹೇಳುವವನಿಗೆ ಗೊತ್ತಿರಬೇಕು. ಎಂದೂ ಇಲ್ಲದುದಕ್ಕೆ ಹೋಲಿಸಿ ಮಾತನಾಡಲು ಬರುವುದಿಲ್ಲ. ಪೂರ್ವಾನುಭವದ ವಾಸನೆಗಳಿಂದಲೇ ತೋರಿಕೆಗಳ ವೈಚಿತ್ರ್ಯವು ಉಂಟಾಗುವುದೆಂಬುದಕ್ಕೆ, ಆ ವಾಸನೆಗಳೇ ವಸ್ತುಗಳ ಅನುಭವದಿಂದ ಹುಟ್ಟುವುವೆಂಬುದು ಅವರ ಸಮಾಧಾನ. ಸ್ವಪ್ನದ ದೃಷ್ಟಾಂತವೂ ಸಲ್ಲದು; ಸ್ವಪ್ನವು ಎಚ್ಚರದಿಂದ ಬಾಧಿತವಾಗುತ್ತದೆ, ಎಚ್ಚರದಲ್ಲಿ ಕಂಡ ಕಂಬವು ಯಾವ ಅವಸ್ಥೆಯಲ್ಲಿಯೂ ಹಾಗೆ ಬಾಧಿತವಾಗುವುದಿಲ್ಲ.

ಕಾಣದ ಕಾಲದಲ್ಲಿ ವಸ್ತುವನ್ನು ಈಶ್ವರನು ಕಾಣುತ್ತಿರುವನೆಂಬ ಬರ್ಕ್ಲಿಯ ಪರಿಹಾರವು ನಮ್ಮ ಸಿದ್ಧಾಂತಕ್ಕೆ ವಿರೋಧಿಯಲ್ಲ. ನಾವು ಕಾಣದಿರುವಾಗಲೂ ವಸ್ತುವು ಮುಂದುವರಿಯುವುದೆಂಬುದನ್ನು ಅವನು ಒಪ್ಪಿದಂತಾಯಿತು. ಮುಂದುವರಿಯುವ ಬಗೆಯಲ್ಲಿ ಮಾತ್ರ ವಿವಾದ. ಅದ್ವೈತದ ವಿವರಣಸಂಪ್ರದಾಯದವರೂ ಇದಕ್ಕೆ ಸಮೀಪದಲ್ಲಿದ್ದಾರೆ. ವ್ಯಾವಹಾರಿಕವಾದ ವಸ್ತುವಿಗೆ ಅಜ್ಞಾತಸತ್ತೆಯುಂಟು, ಹಗ್ಗದಲ್ಲಿ ತೋರಿದ ಹಾವಿನಂಥ ಪ್ರಾತಿಭಾಸಿಕಕ್ಕೆ ಅದಿಲ್ಲವೆಂದು ಅದ್ವೈತಿಗಳು ವಿಂಗಡಿಸುತ್ತಾರೆ. ಅಜ್ಞಾತವಾದುದು ಅಂತಃಕರಣವೃತ್ತಿಗೆ ವಿಷಯವಾಗದಿದ್ದರೂ ಅಜ್ಞಾತವೆಂಬ ರೂಪದಿಂದಲೇ ಸಾಕ್ಷಿಗೆ ಗೋಚರವೆಂದು ವಿವರಣಕಾರರ ಮತ. ಇದರಲ್ಲಿ ಅನುಭವದ ಸೂಕ್ಷ್ಮವೊಂದಿದೆ. ಹೊಸ ವಿಷಯವನ್ನು ತಿಳಿದಾಗ ನಾವು, ಇದು ಈಗ ಹುಟ್ಟಿತೆನ್ನುವುದಿಲ್ಲ. ಇಷ್ಟು ದಿನ ನನಗಿದು ತಿಳಿದಿರಲಿಲ್ಲವೆನ್ನುತ್ತೇವೆ. ಕಲಿಯುವುದೆಂಬ ಕ್ರಿಯೆಯಲ್ಲಿಯೇ ಅಜ್ಞಾತಸತ್ತೆಯ ಒಪ್ಪಿಗೆ ಅಡಗಿದೆ.

೮. ವಾದಿಸುವವನ ಇಕ್ಕಟ್ಟು

ಸ್ಟೇಸನ ಪಕ್ಷದವನು ಇನ್ನೂ ಹೇಳಬಹುದು: ಅರ್ಥಾಪತ್ತಿಯನ್ನು ನಾನು ಒಪ್ಪುವುದಿಲ್ಲ, ಕಂಡುದನ್ನು ಮೀರಿ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಇವನನ್ನು ಕೇಳಬೇಕಾದುದಿಷ್ಟು: ನೀನು ಯಾರೊಡನೆ ವಾದಿಸುತ್ತಿರುವೆ? ಎದುರಿಗಿರುವವನ ಶರೀರವನ್ನೂ ಮಾತನ್ನೂ ನೀನು ಬಲ್ಲೆ. ಅವನ ಮನಸ್ಸನ್ನು ನೀನು ಕಂಡಿಲ್ಲ, ಕಾಣಲಾರೆ. ಅವನ ನಡೆನುಡಿಗಳು ಬೇರೆ ರೀತಿಯಲ್ಲಿ ಹೊಂದಲಾರವೆಂದೇ ಅವನಿಗೆ ಮನಸ್ಸುಂಟೆಂದು ಒಪ್ಪುತ್ತೀಯೆ. ಬರ್ಕ್ಲಿಯೂ ಇತರ ಚೇತನಗಳನ್ನು ಹೀಗೆಯೇ ಒಪ್ಪಿದನು. ಅಲ್ಲಿ ಸಲ್ಲುವ ಯುಕ್ತಿಯು ಓಲೆಯ ವಿಷಯದಲ್ಲಿ ಏಕೆ ಸಲ್ಲದು? ಇತರರ ಮನಸ್ಸನ್ನೂ ಬಿಟ್ಟೆನೆಂದರೆ, ನಿನ್ನ ನಿನ್ನೆಯ ಅನುಭವವನ್ನು ಈಗ ನೀನು ಕಾಣುತ್ತಿಲ್ಲ. ಅದು ಇದ್ದಿತೆನ್ನಲು ನೆನಪೊಂದೇ ಆಧಾರ. ನೆನಪನ್ನೂ ಬಿಟ್ಟರೆ ಉಳಿಯುವುದು ಈ ಕ್ಷಣದ ತೋರಿಕೆ ಮಾತ್ರ. ಅದರೊಳಗೆ ವಾದದ ಪ್ರತಿಜ್ಞೆಯಿಂದ ನಿಗಮನದವರೆಗೆ ಹೋಗಲು ಸಹ ಎಡೆಯಿಲ್ಲ. ಕ್ಷಣಮಾತ್ರದ ತೋರಿಕೆ ಮತ್ತು ಅಜ್ಞಾತಸತ್ತೆ ಇವೆರಡರ ನಡುವೆ ನಿಲ್ಲಲು ತಾಣವಿಲ್ಲ. ಸಂದೇಹವು ಎಲ್ಲಿಯವರೆಗೆ ಹೋಗಬಹುದೆಂದರೆ, ಸಂದೇಹಪಡುವವನ ನಡೆಗೇ ವ್ಯಾಘಾತವು ಬರುವವರೆಗೆ ಮಾತ್ರವೆಂದು ಉದಯನಾಚಾರ್ಯರು ಹ್ಯೂಮನ ಕಾಲಕ್ಕೆ ಏಳು ಶತಮಾನಗಳ ಹಿಂದೆಯೇ ಎಲ್ಲೆ ಹಾಕಿದ್ದರು. ನೋಡುವ ಇಂದ್ರಿಯದ ಬಗೆಗೆ ಅವರು ಹೇಳಿದುದರ ಪೂರ್ಣಾರ್ಥವು ಇಲ್ಲಿ ತಿಳಿಯುತ್ತದೆ: ಕಂಡುದಿಷ್ಟೇ ಸಾಕೆನ್ನುವವನ ಕಾಣುವಿಕೆಯೂ ಕಾಣದುದರ ಮೇಲೆಯೇ ನಿಂತಿದೆ.

೯. ನಂಬಿಕೆಯ ಹುಟ್ಟು, ನಂಬಿಕೆಯ ಪ್ರಾಮಾಣ್ಯ

ಈ ನಂಬಿಕೆಯು ಮನುಷ್ಯನಲ್ಲಿ ಹೇಗೆ ಹುಟ್ಟುವುದೆಂಬುದನ್ನು ಮನಶ್ಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದಲ್ಲಿ ಪ್ರಯೋಗಗಳಿಂದ ಪರೀಕ್ಷಿಸಿದರು. ಸ್ವಿಟ್ಸರ್ಲೆಂಡಿನ ಜ್ಯಾ ಪಿಯಾಜೆಯು ೧೯೩೭ರ ತನ್ನ ಗ್ರಂಥದಲ್ಲಿ, ಬಟ್ಟೆಯಿಂದ ಮುಚ್ಚಿದ ಆಟಿಕೆಯನ್ನು ಹುಡುಕುವ ಬುದ್ಧಿಯು ಕೂಸಿಗೆ ಹುಟ್ಟಿನಿಂದ ಬಂದುದಲ್ಲವೆಂದೂ ಕ್ರಮಕ್ರಮವಾಗಿ ಬೆಳೆಯುವುದೆಂದೂ ವಿವರಿಸಿದನು. ೧೯೮೫ರಲ್ಲಿ ರೆನೆ ಬೈಯಾರ್ಜೋನ್, ಎಲಿಜಬೆತ್ ಸ್ಪೆಲ್ಕಿ, ಸ್ಟ್ಯಾನ್ಲಿ ವಾಸರ್ಮನ್ ಇವರು ನಡೆಸಿದ ಪ್ರಯೋಗದಲ್ಲಿ, ಮರೆಯಾದ ಪೆಟ್ಟಿಗೆಯ ಮೂಲಕ ಹಲಗೆಯೊಂದು ಹಾದುಹೋದಂತೆ ತೋರಿಸಿದಾಗ ಐದು ತಿಂಗಳ ಕೂಸುಗಳು ಅದನ್ನು ಹೆಚ್ಚು ಕಾಲ ದಿಟ್ಟಿಸಿದುವು. ಮರೆಯಾದುದು ಇಲ್ಲವಾಗಲಿಲ್ಲವೆಂಬ ನಿರೀಕ್ಷೆಯು ಅಷ್ಟು ಎಳೆಯ ವಯಸ್ಸಿನಲ್ಲಿಯೇ ಉಂಟೆಂದು ಅವರು ಊಹಿಸಿದರು. ಈ ಸಂಶೋಧನೆಗಳು ಬೆಲೆಯುಳ್ಳವು. ಆದರೆ ನಂಬಿಕೆಯು ಎಂದು ಹುಟ್ಟಿತೆಂಬುದು ಅದು ಸತ್ಯವೇ ಎಂಬುದನ್ನು ನಿರ್ಣಯಿಸದು. ಹ್ಯೂಮನು ನಂಬಿಕೆಯ ಹುಟ್ಟನ್ನು ಕಲ್ಪನೆಯಲ್ಲಿ ಕಂಡುಹಿಡಿದು ಪ್ರಾಮಾಣ್ಯದ ಪ್ರಶ್ನೆಯನ್ನು ಕೈಬಿಟ್ಟನು. ನಮ್ಮ ದಾರ್ಶನಿಕರು ಉತ್ಪತ್ತಿ ಮತ್ತು ಜ್ಞಪ್ತಿಗಳನ್ನು ಬೇರೆಬೇರೆಯಾಗಿಯೇ ವಿಚಾರಿಸಿದರು.

೧೦. ಉಪಸಂಹಾರ

ಇದುವರೆಗಿನ ವಿಚಾರದಿಂದ ಬಂದ ಫಲವನ್ನು ಹೀಗೆ ಸಂಗ್ರಹಿಸಬಹುದು. ಕಾಣದಿರುವಿಕೆಯು ತಾನಾಗಿ ಅಭಾವವನ್ನು ಸಾಧಿಸಲಾರದು. ಯೋಗ್ಯಾನುಪಲಬ್ಧಿಯ ವಿಚಾರವು ಬಾಧಕವನ್ನು ತೊಲಗಿಸುತ್ತದೆ. ಪ್ರತ್ಯಭಿಜ್ಞೆಯು ಐಕ್ಯವನ್ನು ತಿಳಿಸಿ ಸಾಧನೆಗೆ ಮೊದಲ ಮೆಟ್ಟಲಾಗುತ್ತದೆ. ನಡುವಣ ಕಾಲದ ಇರವನ್ನು ಸ್ಥಾಪಿಸುವುದು ಅರ್ಥಾಪತ್ತಿ. ಸಮಾನತೆಗಿಂತ ಕ್ರಮಬದ್ಧವಾದ ಬದಲಾವಣೆಯೇ ಅದಕ್ಕೆ ಬಲವಾದ ಆಧಾರ. ಇದು ಗಣಿತದ ಸಿದ್ಧಾಂತದಂತೆ ಅಲ್ಲಗಳೆಯಲಾಗದುದಲ್ಲ. ಆದರೆ ಇದನ್ನು ಅಲ್ಲಗಳೆಯುವವನು ಇತರರ ಮನಸ್ಸನ್ನೂ ತನ್ನ ಹಿಂದಿನ ದಿನವನ್ನೂ ಇದರೊಡನೆಯೇ ಕಳೆದುಕೊಳ್ಳುತ್ತಾನೆ.

ವಸ್ತುವು ಕಾಣದಿರುವಾಗ ಹೇಗಿರುತ್ತದೆ, ಅದರ ಬಣ್ಣ ಬಿಸುಪುಗಳು ಆಗಲೂ ನಾವು ಕಂಡಂತೆಯೇ ಇರುತ್ತವೆಯೇ ಎಂಬುದು ಬೇರೆ ಪ್ರಶ್ನೆ. ಇರವು ಸಿದ್ಧವಾದ ಮಾತ್ರದಿಂದ ಅದರ ರೂಪವು ಸಿದ್ಧವಾಗುವುದಿಲ್ಲ. ಆ ವಿಚಾರಕ್ಕೆ ವಿಜ್ಞಾನದ ನೆರವೂ ಬೇಕು. ಇರವನ್ನು ಕುರಿತ ನಿರ್ಣಯವಾದರೋ ಶಾಸ್ತ್ರಗಳಿಗೆ ಮಾತ್ರ ಸೇರಿದುದಲ್ಲ. ಓದದೆ ಇಟ್ಟ ಪುಸ್ತಕದಲ್ಲಿ ಮಾತುಗಳಿವೆ. ಹೂತುಹೋದ ಕಲ್ಲಿನ ಮೇಲೆ ಅಕ್ಷರಗಳಿವೆ. ನಮ್ಮ ಕಣ್ಣಿಗೆ ಬೀಳದ ಮನೆಗಳಲ್ಲಿ ಹಸಿವೂ ದುಃಖವೂ ಇವೆ. ಕಂಡಾಗ ಮಾತ್ರ ಇವು ಇರುವುವೆಂದು ಬಗೆಯುವವನಿಗೆ ಹುಡುಕುವ ಕರ್ತವ್ಯವೂ ಇಲ್ಲ, ನೆರವಾಗುವ ಕರ್ತವ್ಯವೂ ಇಲ್ಲ. ನಾವು ಹುಡುಕುತ್ತೇವೆ; ಕಾಣದಿರುವುದಕ್ಕೂ ಹೊಣೆಗಾರರೆಂದು ನಡೆಯುತ್ತೇವೆ. ಆ ನಡತೆಗೆ ಯುಕ್ತಿಯ ಆಧಾರವೂ ಉಂಟೆಂಬುದೇ ಮೇಲಿನ ವಿಚಾರದ ತಾತ್ಪರ್ಯ.